ಕಿವಿಗೊಡುವುದೂ ಒಂದು ಕೌಶಲ

ದ್ವಿಚಕ್ರ ವಾಹನದ ಪರವಾನಗಿಗಾಗಿ ನಾವು ಆರ್‌ಟಿಒ ಮೈದಾನದಲ್ಲಿ ‘ಎಂಟು’ ಹಾಕಿ ತೋರಿಸಿದವರು. 1919ರ ಪ್ಯಾರಿಸ್ ಒಪ್ಪಂದವು ವಿಮಾನ ಚಾಲಕರಿಗೆ ಗೊತ್ತುಪಡಿಸಿದ ಪರೀಕ್ಷೆಯಲ್ಲಿಯೂ ಎರಡು ಕಂಬಗಳ ಸುತ್ತ ಎಂಟರ ಆಕಾರದಲ್ಲಿ ಹಾರುವುದು ಸೇರಿತ್ತು. ಅಂದು ಕೌಶಲವೆಂದರೆ ಕೈಯ ಹದ, ಕಣ್ಣಿನ ಅಳತೆ. 1944ರ ಷಿಕಾಗೊ ಒಪ್ಪಂದದ ಮೊದಲ ಅನುಬಂಧವು ಪೈಲಟ್, ನಿರ್ವಹಣಾ ತಂತ್ರಜ್ಞ, ವಾಯುಸಂಚಾರ ನಿಯಂತ್ರಕ ಮೊದಲಾದವರಿಗೆ ಬೇಕಾದ ಜ್ಞಾನ, ಅನುಭವ, ಕೌಶಲಗಳನ್ನು ಬೇರೆಬೇರೆಯಾಗಿ ವರ್ಗೀಕರಿಸಿತು. ಪಟ್ಟಿ ಪೂರ್ಣವಾದಂತೆಯೇ ತೋರುತ್ತಿತ್ತು.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ದೊರೆಯುವ ಮೊದಲೇ ವಿಮಾನವನ್ನು ಓಡಿಸಿದ ಕ್ಯಾಪ್ಟನ್ ಇತರ ಪೈಲಟ್‌ಗಳಿಗೆ ತರಬೇತಿ ನೀಡುತ್ತಿದ್ದವರು. ಎದುರಿನ ವಿಮಾನ ರನ್‌ವೇಯಿಂದ ಸರಿದಿಲ್ಲವೇ ಎಂದು ಅವರ ಎಂಜಿನಿಯರ್ ಶಂಕಿಸಿದ್ದರು. ಆ ಶಂಕೆಗೆ ಬೆಲೆ ಸಿಗಲಿಲ್ಲ. ಮರುವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ, ಚಕ್ರಗಳ ತೊಂದರೆಯಲ್ಲಿ ಮುಳುಗಿದ್ದ ಕ್ಯಾಪ್ಟನ್ನರ ವಿಮಾನ ಇಂಧನ ಮುಗಿದು ನೆಲಕ್ಕಪ್ಪಳಿಸಿ 10 ಜನ ಸತ್ತರು. ಇಂಧನ ಕಡಿಮೆಯಾಗುತ್ತಿರುವುದು ಸಹೋದ್ಯೋಗಿಗಳಿಗೆ ತಿಳಿದಿತ್ತು. ಒತ್ತಿ ಹೇಳುವ ಧೈರ್ಯ ಅವರಲ್ಲಿ ಸಾಲದಾಯಿತು.

1979ರಲ್ಲಿ ನಾಸಾ ಕರೆದ ಕಾರ್ಯಾಗಾರವು ಈ ಕೊರತೆಗೆ ಹೆಸರು ಹುಡುಕಿತು. ಮುಂದೆ ಯೂರೋಪಿನ ಸಂಶೋಧಕರು ಈ ಬಗೆಯ ಕೌಶಲಗಳನ್ನು ನಾಲ್ಕಾಗಿ ವಿಂಗಡಿಸಿದರು: ಸಹಕಾರ, ನಾಯಕತ್ವ ಮತ್ತು ನಿರ್ವಹಣೆ, ಸನ್ನಿವೇಶದ ಅರಿವು, ನಿರ್ಧಾರ. ಅಲ್ಲಿಯವರೆಗೆ ಅವರವರ ಸ್ವಭಾವ ಎನಿಸಿಕೊಂಡಿದ್ದುದು ಕಲಿಸಬಹುದಾದ, ಪರೀಕ್ಷಿಸಬಹುದಾದ ವಿದ್ಯೆಯಾಯಿತು. ಈ ವರ್ಗೀಕರಣದ ದೊಡ್ಡ ಉಪಕಾರ ಇದೇ ಎಂದು ನಾವು ಭಾವಿಸುತ್ತೇವೆ.

ಆದರೆ ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ವಿದ್ಯೆ ಮೈಗೂಡುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಕೆಂಜಾರಿನ ಗುಡ್ಡದ ರನ್‌ವೇಯನ್ನು ದಾಟಿ ಕಮರಿಗೆ ಉರುಳಿತು. 158 ಮಂದಿ ಮಡಿದರು, 8 ಮಂದಿ ಉಳಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಹೇಳುವ ಕೌಶಲ ಅಲ್ಲಿತ್ತು, ಕೇಳುವುದು ಇರಲಿಲ್ಲ.

ಹಿರಿಯರಿಗೆ ಎದುರಾಡಬಾರದೆಂಬ ಪಾಠವನ್ನು ಮನೆಯಲ್ಲೂ ಕಚೇರಿಯಲ್ಲೂ ಕಲಿತ ನಾವು, ಊರಿಗೆ ಹೊರಡುವ ವಿಮಾನದಲ್ಲಿ ಕುಳಿತಾಗ ಬಯಸಬೇಕಾದುದು ನುರಿತ ಕೈಗಳನ್ನಷ್ಟೇ ಅಲ್ಲ. ಕಿರಿಯರ ಮಾತಿಗೆ ಕಿವಿಗೊಡುವ ಕ್ಯಾಪ್ಟನ್ನರನ್ನೂ ಕೂಡ.