ಕ್ಯಾರೊಲಪ್ ಮಕ್ಕಳ ಚಿತ್ರಗಳು: ವಾರಸುದಾರರ ಮನೆಗೆ 60 ವರ್ಷಗಳ ದಾರಿ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವರಿಗೆ ಎರಡು ಮಾತುಗಳ ವ್ಯತ್ಯಾಸ ನಿದ್ದೆಗಣ್ಣಿನಲ್ಲೂ ಗೊತ್ತಿರುತ್ತದೆ. ಒಂದು ಒಡೆತನ, ಇನ್ನೊಂದು ಕಸ್ಟಡಿ. ಲಾಕರಿನಲ್ಲಿರುವ ಬಂಗಾರ ಬ್ಯಾಂಕಿನದ್ದಲ್ಲ, ಗಿರಾಕಿಯದ್ದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತೇವೆ ನಿಜ, ಆದರೆ ಅದರ ಹಕ್ಕು ಸಾಯುವುದಿಲ್ಲ. ಮೊಮ್ಮಗ ಹಳೇ ಪಾಸ್‌ಬುಕ್ಕು, ಕಾಗದಪತ್ರ ಹಿಡಿದುಕೊಂಡು ಬಂದರೆ ಬಡ್ಡಿ ಲೆಕ್ಕ ಹಾಕಿ ಕೊಡಲೇಬೇಕು.

ಈ ಅಭ್ಯಾಸದಿಂದಲೋ ಏನೋ, ಮ್ಯೂಸಿಯಂ ಒಳಗೆ ಕಾಲಿಟ್ಟರೂ ನನಗೆ ಮೊದಲು ಏಳುವ ಪ್ರಶ್ನೆ 'ಇದು ಎಷ್ಟು ಚೆನ್ನಾಗಿದೆ' ಅಂತಲ್ಲ, 'ಇದು ಯಾರದ್ದು, ಇಲ್ಲಿಗೆ ಹೇಗೆ ಬಂತು' ಅಂತ. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಒಂದು ಸಂಗತಿಯನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಆಸ್ಟ್ರೇಲಿಯಾದ ಆದಿವಾಸಿ ಮಕ್ಕಳು ಬರೆದ ಸುಮಾರು 120 ಚಿತ್ರಗಳ ಕಥೆ ಇದು. ಕಥೆ ಅಂದೆ, ಆದರೆ ನಡೆದದ್ದೇ.

ಆಸ್ಟ್ರೇಲಿಯಾದ ಭೂಪಟ ತೆಗೆದು ಎಡಗಡೆಯ ಕೆಳಮೂಲೆ ನೋಡಿ. ಅಲ್ಲಿ ಪರ್ತ್ ಇದೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 280 ಕಿಲೋಮೀಟರ್ ಹೋದರೆ ಕಟ್ಯಾನಿಂಗ್ ಅಂತ ಒಂದು ಚಿಕ್ಕ ಪಟ್ಟಣ. ಸುತ್ತಲೂ ಗೋಧಿ ಹೊಲ, ಕುರಿ ಸಾಕಣೆ. ಈ ನೈಋತ್ಯ ಮೂಲೆಯೆಲ್ಲ ನೂಂಗಾರ್ ಎಂಬ ಜನರ ನೆಲ. ಅವರ ಭಾಷೆಯಲ್ಲಿ ನೆಲಕ್ಕೆ 'ಬೂಜಾ' ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಬಿಳಿಯರು ಕಾಡು ಕಡಿದು ಬೇಲಿ ಹಾಕುತ್ತ ಹೋದಂತೆ, ತಮ್ಮ ನೆಲದಲ್ಲೇ ನೂಂಗಾರ್ ಜನ ಊರಾಚೆಯ ಟೆಂಟುಗಳಿಗೆ ಸರಿದರು. ಆಮೇಲೆ, ಪಟ್ಟಣದ ಪಕ್ಕ ಅವರು ಇರುವುದೇ ಬೇಡ ಅಂತ ದೂರು ಶುರುವಾಯಿತು. ಹಾಗೆ ಕಟ್ಯಾನಿಂಗ್‌ನ ಹೊರಗೆ 1915ರಲ್ಲಿ ಸರ್ಕಾರ ಹುಟ್ಟುಹಾಕಿದ ವಸತಿಯೇ ಕ್ಯಾರೊಲಪ್. 1922ರಲ್ಲಿ ಅದನ್ನು ಮುಚ್ಚಿದರು. ಸುಮಾರು 1940ರ ಹೊತ್ತಿಗೆ ಮತ್ತೆ ತೆರೆದರು.

ಅಲ್ಲಿ ಮಕ್ಕಳು ಯಾಕಿದ್ದರು ಅನ್ನುವುದನ್ನು ತಿಳಿಯಬೇಕಾದರೆ ಒಂದು ಕಾನೂನು ಗೊತ್ತಿರಬೇಕು. ಪಶ್ಚಿಮ ಆಸ್ಟ್ರೇಲಿಯಾದ 1905ರ ಅಬೊರಿಜಿನ್ಸ್ ಆಕ್ಟ್ ಪ್ರಕಾರ 16 ವರ್ಷ ತುಂಬುವವರೆಗೆ ಆದಿವಾಸಿ ಮಕ್ಕಳ ಕಾನೂನುಬದ್ಧ ಪಾಲಕ ತಂದೆಯೂ ಅಲ್ಲ, ತಾಯಿಯೂ ಅಲ್ಲ. 'ಚೀಫ್ ಪ್ರೊಟೆಕ್ಟರ್' ಅಂತ ಒಬ್ಬ ಸರ್ಕಾರಿ ಅಧಿಕಾರಿ! ಹೆಸರು ನೋಡಿ, ರಕ್ಷಕ. 1936ರಲ್ಲಿ ಕಾನೂನು ಬದಲಾಯಿಸಿ ಆ 16 ಅನ್ನು 21 ಮಾಡಿದರು. ಮಗುವನ್ನು ಅಮ್ಮನಿಂದ ಬಿಡಿಸಿ ತರಲು ಕೋರ್ಟಿಗೆ ಹೋಗುವ ಅಗತ್ಯವಿರಲಿಲ್ಲ. ಹೀಗೆ ದೇಶದುದ್ದಕ್ಕೂ ಕಿತ್ತು ತಂದ ಮಕ್ಕಳನ್ನು ಈಗ 'ಸ್ಟೋಲನ್ ಜನರೇಷನ್ಸ್', ಅಂದರೆ ಕದ್ದೊಯ್ದ ತಲೆಮಾರುಗಳು ಅನ್ನುತ್ತಾರೆ. 1997ರಲ್ಲಿ ಅದರ ಮೇಲೆ ದೊಡ್ಡ ವರದಿ ಬಂತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಕ್ಯಾರೊಲಪ್‌ನ ಮಕ್ಕಳಲ್ಲಿ ಹಾಗೆ ತಂದವರು ಎಷ್ಟೋ ಮಂದಿ. ರಾತ್ರಿ ಅವರು ಮಲಗುವ ಕೋಣೆಗಳಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು.

1946ರಲ್ಲಿ ಆ ಶಾಲೆಗೆ ನೋಯೆಲ್ ವೈಟ್ ಅಂತ ಹೊಸ ಮೇಷ್ಟ್ರು ಬಂದರು. ಅವರ ಹೆಂಡತಿ ಲಿಲಿ ಕೂಡ ಕಲಿಸುತ್ತಿದ್ದರು. ಮಕ್ಕಳು ಮಾತೇ ಆಡುತ್ತಿರಲಿಲ್ಲ, ಹೆದರಿ ಮುದುಡಿಕೊಂಡಿರುತ್ತಿದ್ದರು. ವೈಟ್ ಮೇಷ್ಟ್ರು ಅವರನ್ನು ಪಾಠದ ಮಧ್ಯೆ ಕಾಡಿಗೆ ಕರೆದುಕೊಂಡು ಹೋಗಿ, ನೋಡಿದ್ದನ್ನು ವಾಪಸ್ ಬಂದು ಬರೆಯಿರಿ ಅಂದರು. ಸೀಮೆಸುಣ್ಣ, ಇದ್ದಿಲು, ಪ್ಯಾಸ್ಟೆಲ್ ಕಡ್ಡಿ, ಸಿಕ್ಕ ಕಾಗದ, ಇಷ್ಟೇ ಬಂಡವಾಳ. ಹತ್ತರಿಂದ ಹದಿನಾಲ್ಕು ವರ್ಷದ ಆಸುಪಾಸಿನ ಹುಡುಗರ ಕೈಯಿಂದ ಬಂದದ್ದು ಮಾತ್ರ ಯಾರೂ ಊಹಿಸದ ಚಿತ್ರಗಳು.

ಆಸ್ಟ್ರೇಲಿಯಾದ ಆದಿವಾಸಿ ಕಲೆ ಅಂದರೆ ನಮಗೆ ನೆನಪಾಗುವುದು ಚುಕ್ಕೆಗಳ ಚಿತ್ರ. ಅದು ಮಧ್ಯದ ಮರುಭೂಮಿಯ ಪಾಪುನ್ಯದಲ್ಲಿ 1971ರ ಆಸುಪಾಸಿಗೆ ಕ್ಯಾನ್ವಾಸಿಗೆ ಬಂದ ಶೈಲಿ. ಕ್ಯಾರೊಲಪ್ ಅದಕ್ಕೆ 25 ವರ್ಷ ಹಿಂದಿನದು, ಜಾತಿಯೇ ಬೇರೆ. ಇಲ್ಲಿ ಸಂಜೆಯ ಆಕಾಶ ಹಳದಿ, ಕೇಸರಿ, ನೇರಳೆಯಾಗಿ ಪದರ ಪದರವಾಗಿ ಇಳಿಯುತ್ತದೆ. ಅದರ ಮುಂದೆ ಕಪ್ಪಗೆ ನಿಂತ ಮರಗಳು, ನೀರಿಗೆ ಬಂದ ಕಾಂಗರೂ, ಬೆಂಕಿಯ ಸುತ್ತ ಕುಣಿಯುವ ಜನ. ಪಾರ್ನೆಲ್ ಡೆಂಪ್‌ಸ್ಟರ್ 1949ರ ಸುಮಾರಿಗೆ ಬರೆದ 'ಡೌನ್ ಟು ಡ್ರಿಂಕ್' ಅನ್ನುವ ಚಿತ್ರ ಇವುಗಳಲ್ಲೆಲ್ಲ ಹೆಸರಾದದ್ದು. ರೆವೆಲ್ ಕೂಪರ್, ರೆನಲ್ಡ್ ಹಾರ್ಟ್, ಬ್ಯಾರಿ ಲೂ ಇನ್ನುಳಿದ ಕೆಲವು ಹೆಸರುಗಳು. ಒಂದು ವಿಷಯ ಗಮನಿಸಿ. ಹಗಲಿನ ಬಿಡುವಲ್ಲಿ ಮಾತ್ರ ಕಾಡು ನೋಡಲು ಸಿಗುತ್ತಿದ್ದ, ರಾತ್ರಿ ಬೀಗದ ಒಳಗಿರುತ್ತಿದ್ದ ಮಕ್ಕಳು ಇವರು. ಆದರೆ ಚಿತ್ರದಲ್ಲಿ ಬೀಗವೂ ಇಲ್ಲ, ಗೋಡೆಯೂ ಇಲ್ಲ. ಇರುವುದೆಲ್ಲ ಅವರ ನೆಲವೇ.

1949ರಲ್ಲಿ ಇಂಗ್ಲೆಂಡಿನ ಫ್ಲಾರೆನ್ಸ್ ರಟ್ಟರ್ ಅಂತ 70 ದಾಟಿದ ಹೆಂಗಸೊಬ್ಬರು ಈ ಶಾಲೆಗೆ ಬಂದು ಚಿತ್ರಗಳನ್ನು ನೋಡಿ ಬೆರಗಾದರು. ಚಿತ್ರಗಳನ್ನು ಕೊಂಡರು, ಕೊಂಡೊಯ್ದು ಯುರೋಪಿನಲ್ಲಿ ಪ್ರದರ್ಶನ ಮಾಡಿದರು. ಲೇಖಕಿ ಮೇರಿ ಡ್ಯುರಾಕ್ ಮಿಲ್ಲರ್ ಜೊತೆ ಸೇರಿ 1952ರಲ್ಲಿ ಒಂದು ಪುಸ್ತಕವನ್ನೂ ತಂದರು. ಲಂಡನ್ನಿನಲ್ಲಿ ಜನ ಈ ಚಿತ್ರಗಳನ್ನು ಹೊಗಳುತ್ತಿದ್ದ ಹೊತ್ತಿಗೇ ಇತ್ತ ಕ್ಯಾರೊಲಪ್‌ನಲ್ಲಿ ಶಾಲೆಯನ್ನೇ ಮುಚ್ಚಿದರು! 1951ರ ಹೊತ್ತಿಗೆ ಆ ತರಗತಿ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಕಲೆಯಲ್ಲಿ ಮುಂದೆ ಹೋಗಲು ದಾರಿ ಬೇಕಾಗಿದ್ದ ಹುಡುಗರಿಗೆ ಸಿಕ್ಕಿದ್ದು ಹೊಲದ ಕೂಲಿ.

ರೆವೆಲ್ ಕೂಪರ್ ಅವರ ಬದುಕನ್ನೇ ನೋಡಿ. ದೊಡ್ಡವರಾದ ಮೇಲೆ ಎಷ್ಟೋ ವರ್ಷ ಜೈಲಿನಲ್ಲಿ ಕಳೆದರು. ಫ್ರೀಮ್ಯಾಂಟಲ್ ಜೈಲಿನಲ್ಲೂ ಚಿತ್ರ ಬರೆದರು. ಬರೆದದ್ದು ಮತ್ತೆ ಅದೇ ನೈಋತ್ಯದ ಮರಗಳು, ಅದೇ ಸಂಜೆ. ಜೈಲಿನ ಕಿಟಕಿಯಿಂದ ಕಾಣುವುದಲ್ಲ ಅದು, ನೆನಪಿನಿಂದ ತೆಗೆದದ್ದು. 1983ರಲ್ಲಿ ತೀರಿಕೊಂಡರು. ಬಾಲ್ಯದಲ್ಲಿ ತಾವು ಬರೆದ ಚಿತ್ರಗಳು ಊರಿಗೆ ಬಂದದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಚಿತ್ರಗಳು ಎಲ್ಲಿಗೆ ಹೋದವು? 1956ರಲ್ಲಿ ರಟ್ಟರ್ ತಮ್ಮಲ್ಲಿದ್ದ ಸಂಗ್ರಹವನ್ನು ನ್ಯೂಯಾರ್ಕಿನ ಹರ್ಬರ್ಟ್ ಮೇಯರ್ ಎಂಬ ಕಲಾಸಂಗ್ರಾಹಕರಿಗೆ ಮಾರಿದರು. ಮೇಯರ್ 1966ರಲ್ಲಿ ಅದನ್ನು ತಾವು ಓದಿದ ಕೋಲ್ಗೇಟ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. (ನೀವು ಅಂದುಕೊಂಡದ್ದು ಸರಿ, ನಮ್ಮ ಟೂತ್‌ಪೇಸ್ಟ್ ಕೋಲ್ಗೇಟ್ ಮನೆತನದ ಹೆಸರೇ ಅದು.) ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಅನ್ನುವ ಸಣ್ಣ ಊರಿನಲ್ಲಿರುವ ಆ ವಿಶ್ವವಿದ್ಯಾಲಯದ ಪಿಕರ್ ಆರ್ಟ್ ಗ್ಯಾಲರಿಯ ಸ್ಟೋರಿನಲ್ಲಿ ಅವು ಮಲಗಿದವು. ಯಾರೂ ಕದ್ದಿರಲಿಲ್ಲ. ಕೊಂಡದ್ದಕ್ಕೆ, ದಾನ ಪಡೆದದ್ದಕ್ಕೆ ದಾಖಲೆಯೂ ಇತ್ತು. ಲೆಕ್ಕ ಪರಿಶೋಧಕ ಬಂದರೆ ಎಲ್ಲ ಸರಿಯಾಗಿದೆ ಅಂತ ಟಿಕ್ ಹಾಕಿ ಹೋಗುವಂಥ ಸ್ಥಿತಿ. ಆದರೆ ಅತ್ತ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಅಷ್ಟು ಚಿತ್ರಗಳು ಒಂದೇ ಕಡೆ ಉಳಿದಿವೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

2004ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮಾನವಶಾಸ್ತ್ರಜ್ಞ ಹೊವರ್ಡ್ ಮಾರ್ಫಿ ಆ ಗ್ಯಾಲರಿಗೆ ಹೋದವರು ಈ ಚಿತ್ರಗಳನ್ನು ಕಂಡರು. ಇವು ಎಲ್ಲಿಯವು ಅಂತ ಅವರಿಗೆ ಗುರುತು ಸಿಕ್ಕಿತು. ಸುದ್ದಿ ಪರ್ತ್‌ಗೆ ಮುಟ್ಟಿತು, ನೂಂಗಾರ್ ಸಮುದಾಯದವರೇ ಅಮೆರಿಕಕ್ಕೆ ಹೋಗಿ ನೋಡಿದರು. 2006ರಲ್ಲಿ ಕೆಲವು ಚಿತ್ರಗಳು ಎರವಲಾಗಿ ಕಟ್ಯಾನಿಂಗ್ ಪಟ್ಟಣಕ್ಕೇ ಬಂದವು. ಆ ಪ್ರದರ್ಶನಕ್ಕೆ 'ಕೂರಾ ಕೂಲಿಂಗಾ' ಅಂತ ನೂಂಗಾರ್ ಹೆಸರು. 'ಬಹಳ ಹಿಂದಿನ ಮಕ್ಕಳು' ಅಂತ ಅರ್ಥ. 2013ರಲ್ಲಿ ಕೋಲ್ಗೇಟ್ ಇಡೀ ಸಂಗ್ರಹವನ್ನು ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. ಅಲ್ಲಿನ ಜಾನ್ ಕರ್ಟಿನ್ ಗ್ಯಾಲರಿಯಲ್ಲಿ ಅವೀಗ ಇವೆ. ಅಲ್ಲಿ ನಡೆದ ಮೊದಲ ಪ್ರದರ್ಶನದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಹೃದಯ ಮನೆಗೆ ಬರುತ್ತಿದೆ'.

ನ್ಯೂಯಾರ್ಕಿನಲ್ಲಿದ್ದರೇನು, ಪರ್ತ್‌ನಲ್ಲಿದ್ದರೇನು, ಚಿತ್ರ ಅದೇ ತಾನೇ ಅಂತ ನೀವು ಕೇಳಬಹುದು. ಅಲ್ಲ ಅಂತ ನನ್ನ ಅಭಿಪ್ರಾಯ. ಹ್ಯಾಮಿಲ್ಟನ್‌ನಲ್ಲಿ ಅದು ದೂರದ ಯಾವುದೋ ದೇಶದ ಸುಂದರ ಸಂಜೆ. ಕಟ್ಯಾನಿಂಗ್‌ನಲ್ಲಿ ಅದು ಅಪ್ಪನ ಕೈಬರಹ. ಹಲವು ಚಿತ್ರಗಳ ಮೇಲೆ ಹುಡುಗನ ಹೆಸರಿದೆ. ಆ ಅಡ್ಡಹೆಸರಿನ ಮನೆತನಗಳು ಇವತ್ತಿಗೂ ಆ ಸೀಮೆಯಲ್ಲಿವೆ. ಸರ್ಕಾರ ಈ ಮಕ್ಕಳ ಬಗ್ಗೆ ಫೈಲುಗಳನ್ನು ಇಟ್ಟಿತ್ತು. ಎಲ್ಲಿಂದ ತಂದರು, ಎಲ್ಲಿಗೆ ಕಳಿಸಿದರು, ಚರ್ಮದ ಬಣ್ಣ ಏನು ಅಂತ ಬರೆದ ಫೈಲುಗಳು. ಅವೆಲ್ಲ ಇನ್ನೊಬ್ಬರು ಬರೆದದ್ದು. ಮಗು ತಾನೇ ಬರೆದು ಬಿಟ್ಟುಹೋದ ದಾಖಲೆ ಅಂತಿದ್ದರೆ ಈ ಚಿತ್ರಗಳು ಮಾತ್ರ. ಇತಿಹಾಸದ ಪುಸ್ತಕದಲ್ಲಿ ಆ ಮಕ್ಕಳು ಒಂದು ಅಂಕಿ; ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಣ್ಣಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸೀಮೆಸುಣ್ಣ, ಪ್ಯಾಸ್ಟೆಲ್‌ನ ಚಿತ್ರ ಬೆರಳು ತಾಗಿದರೆ ಅಳಿಸಿಹೋಗುತ್ತದೆ. ಅವು ಉಳಿದದ್ದು ಕೋಲ್ಗೇಟ್‌ನವರು ಕತ್ತಲಲ್ಲಿ ಜೋಪಾನವಾಗಿ ಇಟ್ಟಿದ್ದರಿಂದ. ಕೇಳಿದಾಗ ಕಾನೂನಿನ ಪಾಯಿಂಟು ಹಾಕಿ ಕೂರದೆ ಕೊಟ್ಟರು, ಅದೂ ದೊಡ್ಡತನವೇ. ಎಲ್ಲ ಮ್ಯೂಸಿಯಂಗಳೂ ಹಾಗಿಲ್ಲ ಅಂತ ನಮಗೆ ಗೊತ್ತಿದೆಯಲ್ಲ.

ಹಾಗಂತ ಲೆಕ್ಕ ಪೂರ್ತಿ ಚುಕ್ತಾ ಆಯಿತೆಂದೂ ಅಲ್ಲ. ಸಂಗ್ರಹದ ಅಧಿಕೃತ ಹೆಸರಿನಲ್ಲಿ ಇವತ್ತಿಗೂ ಮೊದಲು ಬರುವುದು ಹರ್ಬರ್ಟ್ ಮೇಯರ್ ಹೆಸರು, ಕ್ಯಾರೊಲಪ್ ಆಮೇಲೆ. ಪರ್ತ್‌ಗೆ ಬಂದರೂ ಕಟ್ಯಾನಿಂಗ್‌ಗೆ ಇನ್ನೂ 280 ಕಿಲೋಮೀಟರ್ ಇದೆ. ಉಷ್ಣಾಂಶ, ತೇವಾಂಶ ಕಾಯುವ ಕೋಣೆ, ತಜ್ಞರು, ವಿಮೆ ಎಲ್ಲ ಇರುವುದು ದೊಡ್ಡ ಊರಿನಲ್ಲಿ. ಚಿತ್ರ ನೋಡಿ ಕಣ್ಣೊರೆಸಿಕೊಳ್ಳುವ ಜನ ಇರುವುದು ಸಣ್ಣ ಊರಿನಲ್ಲಿ. ಸಣ್ಣ ಪಟ್ಟಣದ ಗ್ಯಾಲರಿಗಳ ಎದುರಿಗಿರುವ ನಿಜವಾದ ಪ್ರಶ್ನೆ ಇದೇ. ಕರ್ಟಿನ್ ವಿಶ್ವವಿದ್ಯಾಲಯ ತನ್ನನ್ನು ಒಡೆಯ ಅನ್ನದೆ ಪಾಲಕ ಅಂತ ಕರೆದುಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೇಫ್ ಕಸ್ಟಡಿ.

ಊರು ಬಿಟ್ಟು ಮೂವತ್ತು ನಲವತ್ತು ವರ್ಷವಾದ ನಮ್ಮನ್ನು ಯಾರಾದರೂ 'ಯಾವ ಊರು' ಅಂದರೆ ಈಗಲೂ ಮುಂಬಯಿ ಅನ್ನುವುದಿಲ್ಲ, ಹುಟ್ಟಿದೂರಿನ ಹೆಸರೇ ಬಾಯಿಗೆ ಬರುತ್ತದೆ. ಆದರೆ ನಾವು ನೌಕರಿಗಾಗಿ ನಾವಾಗಿ ರೈಲು ಹತ್ತಿದವರು, ಬೇಕಾದಾಗ ಹೋಗಿ ಬರುವವರು. ಆ ಮಕ್ಕಳನ್ನು ಕಾನೂನು ಎತ್ತಿಕೊಂಡು ಹೋಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಊರು ಅಂದರೆ ಏನು ಅನ್ನುವುದಷ್ಟೇ ನಮಗೆ ವಿವರಿಸಬೇಕಾಗಿಲ್ಲ.

ನಮ್ಮ ಪೈಕಿ ಎಷ್ಟೋ ಜನರ ಮಕ್ಕಳು ಈಗ ಮೆಲ್ಬರ್ನ್, ಸಿಡ್ನಿ, ಪರ್ತ್ ಅಂತ ಸೇರಿಕೊಂಡಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರು ತಿಂಗಳಿಗೆ ಹೋಗುವವರು ಕಾಂಗರೂ, ಸಮುದ್ರ ತೀರದ ಜೊತೆಗೆ ಒಂದು ಮಧ್ಯಾಹ್ನವನ್ನು ಅಲ್ಲಿನ ಗ್ಯಾಲರಿಗೂ ಇಟ್ಟುಕೊಳ್ಳಿ. ಆದಿವಾಸಿ ವಸ್ತುಗಳ ಕೆಳಗಿನ ಚೀಟಿ ಓದಿ. ಕೊಟ್ಟವರ ಹೆಸರು, ಕೂಡಿಸಿದವರ ಹೆಸರು ಇರುತ್ತದೆ. ಮಾಡಿದವರ ಹೆಸರು ಇದೆಯೇ ನೋಡಿ. ಮೊದಲೆಲ್ಲ ಅಲ್ಲಿ 'ಕಲಾವಿದ ಅಜ್ಞಾತ' ಅಂತ ಬರೆಯುತ್ತಿದ್ದರು. ಈಗ ಕೆಲವು ಕಡೆ ಅದನ್ನು ತಿದ್ದಿ 'ಒಂದು ಕಾಲಕ್ಕೆ ಗೊತ್ತಿದ್ದವರು' ಅಂತ ಬರೆಯುತ್ತಿದ್ದಾರೆ. ಗೊತ್ತಿದ್ದವರು ಇದ್ದೇ ಇದ್ದರು, ಕೇಳಿ ಬರೆದುಕೊಳ್ಳಲಿಲ್ಲ ಅಷ್ಟೇ ಅನ್ನುವ ಅರ್ಥದಲ್ಲಿ.

ಪರ್ತ್‌ನಲ್ಲಿ ಈ ಚಿತ್ರಗಳನ್ನು ಕಣ್ಣಾರೆ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಆ ಸಂಜೆಯ ಬಣ್ಣ ಎದುರಿಗೆ ನಿಂತಾಗ ಹೇಗೆ ಕಾಣುತ್ತದೆ ಅಂತ ತಿಳಿಯುವ ಆಸೆ ನನಗೆ.