ದೊಡ್ಡಿಯಿಂದ ಓನರ್ಸ್ ರಿಸ್ಕ್‌ವರೆಗೆ

ಬೆಂಗಳೂರಿನ ಜನ ದಿನಾ ನೋಡ್ತಾರೆ, ಆದ್ರೆ ಯಾರೂ ಕೂತು ಯೋಚಿಸಲ್ಲ ಅನ್ನೋ ಒಂದು ಬೋರ್ಡಿದೆ: ‘ಪಾರ್ಕಿಂಗ್ ಅಟ್ ಓನರ್ಸ್ ರಿಸ್ಕ್’. ಮಾಲು, ಆಸ್ಪತ್ರೆ, ಕಲ್ಯಾಣ ಮಂಟಪ, ಟೆಕ್ ಪಾರ್ಕಿನ ಬೇಸ್‌ಮೆಂಟು, ಎಲ್ಲಾ ಕಡೆ ಇದೇ. ದುಡ್ಡು ತಗೊಂಡು ಕೊಡೋ ಚೀಟಿಯ ಹಿಂದೆಯೂ ಇರುವೆ ಸಾಲಿನಂಥ ಅಕ್ಷರದಲ್ಲಿ ಇದೇ. ನಮ್ಮ ಭಾಷೆಗೆ ತಂದ್ರೆ ಅರ್ಥ ಇಷ್ಟು: ಬಾಡಿಗೆ ನಮಗೆ, ಗೀರು ನಿಮಗೆ.

ಈ ಬೋರ್ಡು ಎಲ್ಲಿಂದ ಬಂತು? ಕಾನೂನಿನ ಮುಂದೆ ಇದಕ್ಕೆ ಬೆಲೆ ಇದೆಯಾ? ಇದನ್ನು ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು ಕಾರಿಗಿಂತ ಹಳೆಯ ಕತೆ. ಅದು ಶುರುವಾಗೋದು ದನದಿಂದ.

ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಹಿರಿಯರ ಬಾಯಲ್ಲಿ ‘ದೊಡ್ಡಿಗೆ ಹೊಡೀತೀನಿ ನೋಡು’ ಅನ್ನೋ ಬೆದರಿಕೆ ಇತ್ತು. ಒಬ್ಬರ ದನ ಇನ್ನೊಬ್ಬರ ರಾಗಿ ಹೊಲಕ್ಕೆ ನುಗ್ಗಿದ್ರೆ ಹೊಲದವನು ಅದನ್ನ ಹಿಡ್ಕೊಂಡು ಹೋಗಿ ದೊಡ್ಡಿಗೆ ಕೂಡ್ತಿದ್ದ. ದನದ ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ನೋ ಪಾರ್ಕಿಂಗು, ಟೋಯಿಂಗು, ಫೈನು, ಮೂರೂ ಅಲ್ಲೇ ಇತ್ತು.

ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆಂದೇ 1871ರಲ್ಲಿ ಒಂದು ಕಾಯಿದೆ ಬಂತು, ಕ್ಯಾಟಲ್ ಟ್ರೆಸ್‌ಪಾಸ್ ಆಕ್ಟ್. ನನ್ನ ಗಮನ ಸೆಳೆದದ್ದು ಅದರ ದಂಡದ ಪಟ್ಟಿ ಅಲ್ಲ. ದೊಡ್ಡಿ ಕಾಯೋನ ಮೇಲೆ ಅದು ಹೊರಿಸಿದ್ದ ಒಂದು ಹೊಣೆ. ಹಿಡಿದು ತಂದ ದನಕ್ಕೆ, ಅದು ಅಲ್ಲಿರೋವರೆಗೂ, ಅವನು ಮೇವು ಹಾಕಬೇಕು, ನೀರು ಕುಡಿಸಬೇಕು. ತಪ್ಪು ದನದ ಕಡೆಯದ್ದೇ ಇರಬಹುದು, ಯಜಮಾನನ ಬೇಜವಾಬ್ದಾರಿಯೇ ಇರಬಹುದು. ಆದ್ರೂ ನಿನ್ನ ಬೇಲಿಯೊಳಗೆ ಬಂದ ಮೇಲೆ ಅದರ ಹೊಟ್ಟೆ ನಿನ್ನ ಜವಾಬ್ದಾರಿ. ನೂರೈವತ್ತು ವರ್ಷದ ಹಿಂದಿನ ವಸಾಹತು ಸರ್ಕಾರಕ್ಕೂ ಇಷ್ಟು ಹೊಳೆದಿತ್ತು.

ಮರುವರ್ಷವೇ, 1872ರಲ್ಲಿ, ಭಾರತೀಯ ಕರಾರು ಕಾಯಿದೆ ಬಂತು. ಇವತ್ತಿಗೂ ಜಾರಿಯಲ್ಲಿದೆ. ಅದರ 148ನೇ ಸೆಕ್ಷನ್ ‘ಬೇಲ್‌ಮೆಂಟ್’ ಅನ್ನೋದನ್ನ ವಿವರಿಸುತ್ತೆ. ನಿಮ್ಮ ವಸ್ತುವನ್ನ ಒಂದು ಉದ್ದೇಶಕ್ಕೆ ಇನ್ನೊಬ್ಬರ ಕೈಗೆ ಕೊಡ್ತೀರಿ, ಕೆಲಸ ಮುಗಿದ ಮೇಲೆ ಅವರು ವಾಪಸ್ ಕೊಡಬೇಕು. ಅಗಸನಿಗೆ ಬಟ್ಟೆ, ಅಕ್ಕಸಾಲಿಗೆ ಚಿನ್ನ, ಗ್ಯಾರೇಜಿಗೆ ಬೈಕು, ಎಲ್ಲಾ ಇದೇ ಲೆಕ್ಕ. 151ನೇ ಸೆಕ್ಷನ್ ಹೇಳೋದು: ತಗೊಂಡವನು ಅದನ್ನ ಸಾಮಾನ್ಯ ತಿಳಿವಳಿಕೆಯ ಮನುಷ್ಯ ತನ್ನ ಸ್ವಂತ ವಸ್ತುವನ್ನ ನೋಡಿಕೊಳ್ಳೋ ಹಾಗೇ ನೋಡಿಕೊಳ್ಳಬೇಕು.

ಇದು ನಮ್ಮೂರ ಜನಕ್ಕೆ ಯಾರೂ ಹೇಳಿಕೊಡಬೇಕಾದ ವಿಷಯ ಆಗಿರಲಿಲ್ಲ. ಬೆಂಗಳೂರು ಗ್ರಾಮಾಂತರದ ಹಳ್ಳಿಗಳ ಕಂದಾಯ ದಾಖಲೆ ತೆಗೆದ್ರೆ ಇವತ್ತಿಗೂ ‘ಗುಂಡುತೋಪು’ ಅಂತ ಜಾಗಗಳು ಸಿಗ್ತವೆ. ಊರಾಚೆ ಮಾವು, ಹುಣಸೆ, ಹೊಂಗೆ, ನೇರಳೆ ಮರಗಳ ತೋಪು. ದಾರಿಹೋಕರು ಗಾಡಿ ಬಿಟ್ಟು, ಎತ್ತಿನ ಕೊರಳು ಬಿಚ್ಚಿ, ಬುತ್ತಿ ಉಂಡು, ಮಲಗಿ ಎದ್ದು ಹೋಗೋ ಜಾಗ. ನೆರಳಿರೋ ಸಾರ್ವಜನಿಕ ಪಾರ್ಕಿಂಗ್ ಲಾಟು ಅಂದ್ರೂ ತಪ್ಪಿಲ್ಲ. ಈಗ ಎಷ್ಟೋ ತೋಪುಗಳು ಒತ್ತುವರಿಯಾಗಿ ದಾಖಲೆಯಲ್ಲಿ ಮಾತ್ರ ಉಳಿದಿವೆ, ಅದು ಬೇರೆ ಮಾತು.

ಪ್ರೀತಿಯ ‘ಗಾಡಿ’ಯನ್ನ ಜನ ಹೇಗೆ ನಿಲ್ಲಿಸ್ತಾರೆ ಅಂತ ನೋಡಬೇಕಂದ್ರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಬೇಕು. ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ. ಅವಕ್ಕೆ ಪೆಂಡಾಲು, ಮೈಮೇಲೆ ಬಟ್ಟೆ, ಕೊಂಬಿಗೆ ಅಲಂಕಾರ. ಯಜಮಾನ ಅದರ ಪಕ್ಕದಲ್ಲೇ ಹುಲ್ಲು ಹಾಸ್ಕೊಂಡು ಮಲಗ್ತಾನೆ. ಪಕ್ಕದ ಜೋಡಿಗೆ ತನ್ನ ಎತ್ತು ಕೊಂಬು ತಾಗಿಸದ ಹಾಗೆ ಹಗ್ಗದ ಅಳತೆ ಬಿಡ್ತಾನೆ. ಇದು ರೂಲ್ ಬುಕ್ಕಿನಿಂದ ಬಂದದ್ದಲ್ಲ. ಪಕ್ಕದವನ ಎತ್ತೂ ಪಕ್ಕದವನ ಪ್ರಾಣ ಅನ್ನೋದು ಅವನಿಗೆ ಗೊತ್ತು, ಅಷ್ಟೇ.

ಕಾರು ಬಂದಾಗ ಇದು ಕೆಟ್ಟಿತು. ಕಾರಣ ಸರಳ. ಎತ್ತಿನ ಪಕ್ಕ ಮಲಗಬಹುದು, ಕಾರಿನ ಪಕ್ಕ ಯಾರು ಮಲಗ್ತಾರೆ? ನಿಲ್ಲಿಸಿ ಹೋಗಲೇಬೇಕು. ಅಮೆರಿಕದಲ್ಲಿ 1935ರ ಜುಲೈಯಲ್ಲಿ ಒಕ್ಲಹೋಮ ಸಿಟಿಯ ರಸ್ತೆಯಲ್ಲಿ ಮೊದಲ ಪಾರ್ಕಿಂಗ್ ಮೀಟರ್ ನಿಂತಿತು. ಅಲ್ಲಿಂದ ಮುಂದೆ ನಿಲ್ಲಿಸೋ ಜಾಗವೂ ಗಂಟೆ ಲೆಕ್ಕದ ಸರಕಾಯ್ತು. ಎರಡು ವರ್ಷಕ್ಕೆ, 1937ರಲ್ಲಿ, ಇಂಗ್ಲೆಂಡಿನ ಮೇಲ್ಮನವಿ ಕೋರ್ಟಿನಿಂದ ಒಂದು ತೀರ್ಪು ಬಂತು. ಆಶ್‌ಬಿ ವಿರುದ್ಧ ಟಾಲ್‌ಹರ್ಸ್ಟ್. ಸೌತ್‌ಎಂಡ್ ಅನ್ನೋ ಕಡಲೂರಿನಲ್ಲಿ ಒಬ್ಬಾತ ಒಂದು ಶಿಲ್ಲಿಂಗ್ ಕೊಟ್ಟು ಕಾರು ನಿಲ್ಲಿಸಿದ್ದ. ಇನ್ಯಾರೋ ಬಂದು ಚೀಟಿಯನ್ನೇ ತೋರಿಸದೆ ಕಾರು ತಗೊಂಡು ಹೋದ. ಅಲ್ಲಿದ್ದ ಕೆಲಸದವನು ಬಿಟ್ಟುಕೊಟ್ಟ. ಕೋರ್ಟು ಹೇಳಿದ್ದು: ಜಾಗದವನು ಕಾರನ್ನ ತನ್ನ ವಶಕ್ಕೆ ತಗೊಂಡಿರಲಿಲ್ಲ, ನಿಲ್ಲಿಸೋಕೆ ಬರೀ ಅನುಮತಿ ಕೊಟ್ಟಿದ್ದ. ಆದ್ದರಿಂದ ಹೊಣೆ ಇಲ್ಲ.

ನಮ್ಮ ಬೋರ್ಡಿನ ಬೆನ್ನೆಲುಬು ಇದೇ ವಾದ. ‘ನಾವು ಕಾರು ನೋಡ್ಕೊಳ್ತೀವಿ ಅಂದಿಲ್ಲ ಸಾರ್, ಜಾಗ ಕೊಟ್ಟಿದ್ದೀವಿ.’

ಈಗ ನಮ್ಮ ದೇಶಕ್ಕೆ ಬರೋಣ. 1998ರ ಆಗಸ್ಟ್ 1, ದೆಹಲಿಯ ತಾಜ್ ಮಹಲ್ ಹೋಟೆಲ್. ರಾತ್ರಿ ಒಬ್ಬರು ಮಾರುತಿ ಜೆನ್‌ನಲ್ಲಿ ಬಂದು, ಕೀಯನ್ನ ವ್ಯಾಲೆಟ್ ಕೈಗೆ ಕೊಟ್ಟು ಒಳಗೆ ಹೋದರು. ಹೊರಗೆ ಬಂದಾಗ ಕಾರಿಲ್ಲ. ಬೇರೆ ಕಾರಿನಲ್ಲಿ ಬಂದಿದ್ದ ಹುಡುಗರಲ್ಲಿ ಒಬ್ಬ ಜೆನ್ನಿನ ಕೀ ಎತ್ಕೊಂಡು ಓಡಿಸಿಕೊಂಡು ಹೋಗಿದ್ದ. ಹೋಟೆಲ್ ಕೊಟ್ಟಿದ್ದ ಚೀಟಿಯಲ್ಲಿ ಅದೇ ಸಾಲು, ಓನರ್ಸ್ ರಿಸ್ಕ್. ವಿಮಾ ಕಂಪನಿ ಮಾಲೀಕರಿಗೆ ದುಡ್ಡು ಕೊಟ್ಟು, ಆಮೇಲೆ ಅವರ ಜೊತೆ ಸೇರಿ ಹೋಟೆಲಿನ ಮೇಲೆ ಗ್ರಾಹಕ ಆಯೋಗಕ್ಕೆ ಹೋಯ್ತು. ಕೇಸು ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2019ರ ನವೆಂಬರ್ 14ಕ್ಕೆ, 21 ವರ್ಷದ ನಂತರ.

ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಅವರು ಹೇಳಿದ್ದರ ಸಾರ ಇದು. ಕೀ ಕೊಟ್ಟು ಹೋಟೆಲಿನವರು ತಗೊಂಡ ಮೇಲೆ ಅದು ಬೇಲ್‌ಮೆಂಟ್. ಕಾರು ಕಳೆದ ಮಾತ್ರಕ್ಕೆ ಹೋಟೆಲ್ ಸೋತ ಹಾಗಲ್ಲ. ಆದರೆ ನಾವು ಎಚ್ಚರಿಕೆಯಿಂದಲೇ ಇದ್ದೆವು ಅಂತ ಮೊದಲು ತೋರಿಸಬೇಕಾದ್ದು ಹೋಟೆಲ್. ಇನ್ನು ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ‘ಓನರ್ಸ್ ರಿಸ್ಕ್’ ಅಂತ ಚೀಟಿಯಲ್ಲಿ ಬರೆದು ತಪ್ಪಿಸಿಕೊಳ್ಳೋಕೆ ಆಗಲ್ಲ. ಹೋಟೆಲ್ ಸೋತಿತು.

ಹಾಗಾಗಿ ನೀವು ನೆನಪಿಡಬೇಕಾದ ಗೆರೆ ಒಂದೇ: ಕೀ ಯಾರ ಕೈಯಲ್ಲಿತ್ತು? ವ್ಯಾಲೆಟ್‌ಗೆ ಕೊಟ್ಟಿದ್ರೆ ಬೋರ್ಡು ತೋರಿಸಿ ನಿಮ್ಮನ್ನ ಸಾಗಹಾಕೋಕೆ ಬರಲ್ಲ. ನೀವೇ ನಿಲ್ಲಿಸಿ ಕೀ ಜೇಬಿಗೆ ಹಾಕ್ಕೊಂಡಿದ್ರೆ ಹಾದಿ ಕಷ್ಟ.

ಆ ಕಷ್ಟ ಎಷ್ಟಿರಬಹುದು ಅನ್ನೋದನ್ನ ಅದೇ 2019ರ ಫೆಬ್ರವರಿ ತೋರಿಸಿತ್ತು, ಅದೂ ನಮ್ಮ ದಾರಿಯಲ್ಲೇ. ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ಹೋಗೋರು ದಾಟೋ ಯಲಹಂಕದಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತೆ. ಫೆಬ್ರವರಿ 23, ಶನಿವಾರ. ಸಂಸಾರ ಸಮೇತ ಬಂದವರ ಕಾರುಗಳೆಲ್ಲ ಗೇಟ್ ನಂ. 5ರ ಹತ್ತಿರ ಬಯಲಿನಲ್ಲಿ ಸಾಲಾಗಿ ನಿಂತಿದ್ದವು. ಕೆಳಗೆ ಒಣಹುಲ್ಲು, ಮೇಲೆ ಬಿಸಿಲು, ಜೊತೆಗೆ ಗಾಳಿ. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಬಿತ್ತು. ಒಂದು ಕಾರಿನಿಂದ ಇನ್ನೊಂದಕ್ಕೆ ಹಾರುತ್ತಾ ಸುಮಾರು 300 ಕಾರು ಸುಟ್ಟು ಕರಕಲಾದವು. ಪುಣ್ಯಕ್ಕೆ ಜನಕ್ಕೆ ಏನೂ ಆಗಲಿಲ್ಲ. ಅದೇ ದಿನಗಳಲ್ಲಿ ಬಂಡೀಪುರದ ಕಾಡೂ ಹತ್ತಿ ಉರೀತಿತ್ತು, ಅಷ್ಟು ಒಣಗಿದ್ದ ಕಾಲ ಅದು.

ಯಾರೋ ಎಸೆದ ಸಿಗರೇಟು ಅಂತ ಕೆಲವರು, ಕಾದ ಸೈಲೆನ್ಸರ್ ಹುಲ್ಲಿಗೆ ತಾಗಿದ್ದು ಅಂತ ಕೆಲವರು. ವಾಯುಪಡೆ ತನಿಖೆಗೆ ಆದೇಶ ಮಾಡಿತು. ಎಂಜಿನಿಯರ್ ಕಣ್ಣಲ್ಲಿ ನೋಡಿದ್ರೆ ಎರಡನೆಯದೂ ಸಾಧ್ಯವೇ. ಓಡಿ ಬಂದ ಕಾರಿನ ಕೆಳಗಿರೋ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತೆ. ಆದ್ರೆ ನಮ್ಮೂರಿನ ಕಣ್ಣಲ್ಲಿ ನೋಡಿದ್ರೆ ಕಿಡಿ ಯಾವುದು ಅನ್ನೋದು ಎರಡನೇ ಪ್ರಶ್ನೆ. ಮೊದಲನೇದು, ಹುಲ್ಲು ಯಾಕೆ ಬಿಟ್ರು? ರಾಗಿ ಒಕ್ಕೋಕೆ ಮೊದಲು ಕಣ ಕೆತ್ತಿ ಸಾರಿಸ್ತಾರೆ. ಹುಲ್ಲಿನ ಮೆದೆ ಹತ್ರ ಬೀಡಿ ಹಚ್ಚಿದವನಿಗೆ ಬೈಗುಳ ಗ್ಯಾರಂಟಿ. ಕಾಡಿನಲ್ಲಿ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡ್ತಾರೆ. ಸಾಲುಸಾಲು ಪೆಟ್ರೋಲ್ ಟ್ಯಾಂಕುಗಳನ್ನ ನಿಲ್ಲಿಸೋ ಬಯಲಿನಲ್ಲಿ ಹುಲ್ಲು ಕೆತ್ತಿ, ನಡುನಡುವೆ ಓಣಿ ಬಿಡೋದು ರಾಕೆಟ್ ಸೈನ್ಸ್ ಅಲ್ಲ.

ಆಮೇಲೆ ಏನಾಯ್ತು? ಆರ್‌ಸಿ, ಡಿಎಲ್ ಸುಟ್ಟುಹೋದವರಿಗೆ ಸಾರಿಗೆ ಇಲಾಖೆ ಸಹಾಯ ಕೇಂದ್ರ ತೆರೆಯಿತು. ಇನ್ಶೂರೆನ್ಸ್ ಕ್ಲೇಮುಗಳನ್ನ ಬೇಗ ಮುಗಿಸಬೇಕು ಅಂತ ಸರ್ಕಾರ ಹೇಳಿತು. ಒಳ್ಳೆಯದೇ. ಆದ್ರೆ ಗಮನಿಸಿ, ಕಾರು ನಿಲ್ಲಿಸಿಕೊಂಡವರ ಹೊಣೆಯ ಪ್ರಶ್ನೆ ಎಷ್ಟು ಬೇಗ ಕಾರಿನವರ ಪಾಲಿಸಿಯ ಪ್ರಶ್ನೆ ಆಗಿಬಿಡ್ತು ಅಂತ. ಕಾನೂನು ಕಡ್ಡಾಯ ಮಾಡಿರೋದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅಂದ್ರೆ ನಿಮ್ಮಿಂದ ಬೇರೆಯವರಿಗೆ ಆಗೋ ಹಾನಿಗೆ. ಅದೊಂದೇ ಇದ್ದವರಿಗೆ ತಮ್ಮ ಸುಟ್ಟ ಕಾರಿಗೆ ಅದರಿಂದ ಒಂದು ರೂಪಾಯಿಯೂ ಹುಟ್ಟಲ್ಲ.

ಪೂರ್ತಿ ವಿಮೆ ಇದ್ದವರಿಗೂ ಸಿಗೋದು ಐಡಿವಿ. ನಿಗದಿಯಾದ ಸವಕಳಿ ಪ್ರಕಾರ ಒಂದು ವರ್ಷ ದಾಟಿದ ಕಾರಿಗೆ 20%, ಎರಡು ದಾಟಿದ್ದಕ್ಕೆ 30%, ಮೂರಕ್ಕೆ 40%, ನಾಲ್ಕಕ್ಕೆ 50% ಕಡಿತ. ಐದು ದಾಟಿದ್ರೆ ನೀವೂ ಕಂಪನಿಯೂ ಮಾತಾಡ್ಕೊಂಡ ಬೆಲೆ. ನಮ್ಮಪ್ಪ ವಿಜಯಪುರದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ ಉಳಿಸಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದಿದ್ರು. ನಮ್ಮ ಮನೆತನದಲ್ಲೇ ಮೊದಲ ಕಾರು. ಈಗಲೂ ಆಯುಧಪೂಜೆಗೆ ಮೊದಲ ಬೂದುಗುಂಬಳ ಅದಕ್ಕೇ. ಅದರ ಬೆಲೆಯನ್ನ ಯಾವ ಸರ್ವೇಯರ್ ಯಾವ ಕಾಲಮ್ಮಿನಲ್ಲಿ ಬರೀತಾನೆ?

ಇನ್ನು ಸಣ್ಣ ಗಾಯಗಳದ್ದು ಬೇರೆ ಗೋಳು. ಒಂದು ಬೇಸ್‌ಮೆಂಟಿನಲ್ಲಿ ನನ್ನ ಕಾರಿನ ಬಾಗಿಲಿಗೆ ಪಕ್ಕದವರು ಬಾಗಿಲು ಬಡಿದು ಹೋದ್ರು. ಒಂದು ಚೀಟಿಯೂ ಇಲ್ಲ, ಸಾರಿಯೂ ಇಲ್ಲ. ಸಿಸಿಟಿವಿ ಕೇಳಿದ್ರೆ ‘ಆ ಪಿಲ್ಲರ್ ಅಡ್ಡ ಬರುತ್ತೆ ಸಾರ್’. ಕ್ಲೇಮ್ ಮಾಡೋಣ ಅಂದ್ರೆ ಲೆಕ್ಕ ನೋಡಿ. ನೋ ಕ್ಲೇಮ್ ಬೋನಸ್ ಮೆಟ್ಟಿಲು 20, 25, 35, 45, 50%. ಉದಾಹರಣೆಗೆ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂಪಾಯಿ, ನೀವು 50% ಮೆಟ್ಟಿಲಲ್ಲಿದ್ದೀರಿ ಅಂತಿಟ್ಕೊಳ್ಳಿ. ಒಂದು ಕ್ಲೇಮ್ ಮಾಡಿದ್ರೆ ಸೊನ್ನೆಗೆ ಜಾರಿ, ಮತ್ತೆ ಅದೇ ಮೆಟ್ಟಿಲು ಹತ್ತೋ ಹೊತ್ತಿಗೆ ಪ್ರೀಮಿಯಂ ಬದಲಾಗದಿದ್ರೂ ಒಟ್ಟು 10,000 ರೂಪಾಯಿ ಹೆಚ್ಚು ಕಟ್ಟಿರ್ತೀರಿ. ಐದಾರು ಸಾವಿರದ ಡೆಂಟಿಗೆ ಯಾರು ಕ್ಲೇಮ್ ಮಾಡ್ತಾರೆ? ಹೀಗಾಗಿ ಊರಿನಲ್ಲಿ ದಿನಾ ಆಗೋ ಸಾವಿರಾರು ಗೀರುಗಳು ಯಾವ ಲೆಕ್ಕಕ್ಕೂ ಸೇರಲ್ಲ. ಮಾಡಿದವನಿಗೆ ನೋವಿಲ್ಲ, ಜಾಗದವನಿಗೆ ಹೊಣೆ ಇಲ್ಲ.

ದೊಡ್ಡಿಯ ಕತೆಗೂ ಒಂದು ಉತ್ತರಾರ್ಧ ಇದೆ. ಬೆಂಗಳೂರಿನಲ್ಲಿ ಟೋಯಿಂಗ್ ನಡೆಸೋ ರೀತಿಗೆ, ಅದರಲ್ಲೂ ಗಾಡಿಗಳನ್ನ ಎತ್ತಿ ಬಿಸಾಕೋ ರೀತಿಗೆ, ಜನ ರೊಚ್ಚಿಗೆದ್ದ ಮೇಲೆ 2022ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನ ನಿಲ್ಲಿಸಬೇಕಾಯ್ತು. ಅಡ್ಡಾದಿಡ್ಡಿ ನಿಲ್ಲಿಸೋರ ಪರವಾಗಿ ನಾನು ಮಾತಾಡ್ತಿಲ್ಲ. ಗೇಟಿಗೆ ಅಡ್ಡ, ಆಂಬುಲೆನ್ಸಿಗೆ ಅಡ್ಡ ನಿಲ್ಲಿಸಿದವನ ಕಾರು ಎತ್ತಲೇಬೇಕು, ದಂಡ ಹಾಕಲೇಬೇಕು. ಆದ್ರೆ ಎತ್ತಿದ ಮೇಲೆ ಅದು ನಿಮ್ಮ ದೊಡ್ಡಿಯ ದನ. 1871ರಲ್ಲೇ ಮೇವು ನೀರು ಕೊಡಬೇಕು ಅಂತಿದ್ದ ದೇಶದಲ್ಲಿ, ಬಂಪರ್ ಮುರಿಯದೆ ವಾಪಸ್ ಕೊಡಿ ಅನ್ನೋದು ದೊಡ್ಡ ಬೇಡಿಕೆ ಏನಲ್ಲ.

ಹೊಣೆ ಹಂಚೋದು ಅಂದ್ರೆ ನನ್ನ ಪ್ರಕಾರ ಹೀಗೆ. ಜಾಗಕ್ಕೆ ದುಡ್ಡು ತಗೊಳ್ಳೋರು ಓಡೋ ಕ್ಯಾಮೆರಾ, ಸರಿಯಾದ ಗೆರೆ, ಬೆಳಕು, ಬೆಂಕಿ ಆರಿಸೋ ವ್ಯವಸ್ಥೆ ಇಡಬೇಕು. ಅದಿಲ್ಲದಿದ್ರೆ ನಾವು ಬರವಣಿಗೆಯಲ್ಲಿ ಕೇಳಬೇಕು, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲೂ ಕೇಳಬೇಕು. ವ್ಯಾಲೆಟ್‌ಗೆ ಕೀ ಕೊಡೋವಾಗ ಕಾರಿನ ಸುತ್ತ ಒಂದು ವಿಡಿಯೋ ತೆಗೀಬೇಕು, ಹತ್ತು ಸೆಕೆಂಡಿನ ಕೆಲಸ. ಉಳಿದದ್ದು ಕಾನೂನಿಗೆ ಎಟುಕದ ಭಾಗ. ಪಕ್ಕದ ಕಾರಿಗೂ ನಿಮ್ಮ ಬಾಗಿಲಿಗೂ ನಡುವೆ ಎಷ್ಟು ಹಗ್ಗ ಬಿಡಬೇಕು ಅನ್ನೋದು. ಅದನ್ನ ಕಲಿಸೋಕೆ ಬೋರ್ಡು ಸಾಲದು. ಪುಷ್ಯ ಮಾಸ ಹತ್ತಿರ ಬಂದಾಗ ಒಂದು ಭಾನುವಾರ ಘಾಟಿಗೆ ಹೋಗಿ ಬನ್ನಿ, ಅಲ್ಲಿ ಈಗಲೂ ಕಟ್ಟಿ ತೋರಿಸ್ತಾರೆ.