ಕೀಲೆಣ್ಣೆಯಿಂದ ಆಯಿಲ್ ಸೀಲಿನವರೆಗೆ



ಗಾಡಿ ಹೂಡುವ ಮುಂಚೆ ಮನೆಯ ಹಿರಿಯರು ಕಡಾಣಿ ಕಿತ್ತು, ಚಕ್ರವನ್ನು ತುಸು ಹೊರಕ್ಕೆಳೆದು, ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಜಿಡ್ಡು ಅದು. ಗಾಡಿ ನಡೆದ ಹಾಗೆ ಸೋರಿ ಹೋಗುತ್ತಿತ್ತು. ಹೋದರೆ ಹೋಯಿತು, ಮತ್ತೆ ಬಳಿದರಾಯಿತು!

ಟ್ರ್ಯಾಕ್ಟರಿನಲ್ಲಿ ಹಾಗಾಗದು. ಅದರ ಹಲ್ಲಿನ ಗಾಲಿಗಳೂ ಬೇರಿಂಗುಗಳೂ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಆಡಬೇಕು. ಆದರೆ ಚಕ್ರ ತಿರುಗಿಸುವ ಅಚ್ಚು ಆ ಪೆಟ್ಟಿಗೆಯಿಂದ ಹೊರಗೆ ಬರಲೇಬೇಕಲ್ಲವೇ? ಅಚ್ಚಿಗೆ ದಾರಿ ಬಿಡಬೇಕು, ಎಣ್ಣೆಗೆ ಬಿಡಬಾರದು. ಈ ತೊಡಕು ಬಿಡಿಸಲು ಮೊದಮೊದಲು ಉಣ್ಣೆಯ ಫೆಲ್ಟ್ ಬಳೆಯನ್ನೂ ಚರ್ಮವನ್ನೂ ತುರುಕಿ ನೋಡಿದರು. ಫೆಲ್ಟು ಧೂಳನ್ನು ತಡೆಯಿತು, ತೆಳು ಎಣ್ಣೆಯನ್ನು ತಡೆಯಲಿಲ್ಲ.

ಇದಕ್ಕೆ ಒಳ್ಳೆಯ ಉಪಾಯ ಹೊರಟದ್ದು ಚರ್ಮ ಹದ ಮಾಡುವವರ ಮನೆಯಿಂದ! ಜರ್ಮನಿಯ ವೈನ್‌ಹೈಮ್ ಊರಿನಲ್ಲಿ ಫ್ರಾಯ್ಡೆನ್‌ಬರ್ಗ್ ಎಂಬವರ ಚರ್ಮದ ಕಾರ್ಖಾನೆ 1849ರಿಂದ ಇತ್ತು. 1929ರಲ್ಲಿ ಲೋಕದ ವ್ಯಾಪಾರವೆಲ್ಲ ಕುಸಿದಾಗ, ಚರ್ಮಕ್ಕೆ ಬೇರೆ ಉಪಯೋಗ ಹುಡುಕಿ ಅವರು ಯಂತ್ರಗಳ ಸೀಲು ಮಾಡತೊಡಗಿದರು. ಆಸ್ಟ್ರಿಯಾದ ವಾಲ್ಟರ್ ಸಿಮ್ಮರ್ ಎಂಬ ಇಂಜಿನಿಯರು ಅಲ್ಲಿ ರೂಪಿಸಿದ ಬಳೆ 1932ರಲ್ಲಿ ಪೇಟೆಗೆ ಬಂತು. ತಗಡಿನ ಕವಚ, ಅದರೊಳಗೆ ಚರ್ಮದ ತುಟಿ, ತುಟಿಯನ್ನು ಅಚ್ಚಿಗೆ ಒತ್ತಿ ಹಿಡಿಯಲು ಸುತ್ತ ಒಂದು ಸ್ಪ್ರಿಂಗು. ಮರದ ಹಾಲಿನ ರಬ್ಬರು ಎಣ್ಣೆ ತಾಗಿದರೆ ಉಬ್ಬಿ ಕೆಡುತ್ತದೆ. ಎಣ್ಣೆಗೆ ಬಗ್ಗದ ಕೃತಕ ರಬ್ಬರು ಸಿದ್ಧವಾದ ಮೇಲೆ, 1936ರಲ್ಲಿ, ಚರ್ಮದ ಜಾಗಕ್ಕೆ ಅದು ಬಂತು. ಇಂದು ನಿಮ್ಮ ಚಿಕ್ಕ ಟ್ರ್ಯಾಕ್ಟರಿನಲ್ಲಿರುವುದು ಆ ಬಳೆಯ ಮೊಮ್ಮಗನೇ.

ಈ ಹಳೆಯ ಕಥೆ ಯಾಕೆ ಹೇಳಿದೆ ಅಂದರೆ, ಆ ತುಟಿ ಮತ್ತು ಸ್ಪ್ರಿಂಗು ಮನಸ್ಸಿನಲ್ಲಿರಲಿ ಅಂತ. "ಹೊಸ ಸೀಲು ಹಾಕಿಸಿದೆ, ತಿಂಗಳಿಗೇ ಮತ್ತೆ ಸೋರಿತು" ಅನ್ನುವವರು ಬಹಳ. ಸೀಲಿನ ಮೇಲೆ ತಪ್ಪು ಹೊರಿಸುವ ಮುಂಚೆ ಅಚ್ಚನ್ನು ನೋಡಿ. ತುಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ, ಜೊತೆಗೆ ಕೆಸರೂ ಸೇರಿ, ಉಕ್ಕಿನ ಮೇಲೂ ಗೀರು ಬಿದ್ದಿರುತ್ತದೆ. ಉಗುರು ಆಡಿಸಿದರೆ ತಡೆಯುತ್ತದೆ. ಅಂಥ ಅಚ್ಚಿಗೆ ತೆಳು ಉಕ್ಕಿನ ತೋಳು ತೊಡಿಸಬೇಕು, ಇಲ್ಲವೇ ಜಾಗವಿದ್ದರೆ ಸೀಲನ್ನು ಕೂದಲೆಳೆಯಷ್ಟು ಆಚೀಚೆ ಕೂರಿಸಬೇಕು. ಬೇರಿಂಗು ಸಡಿಲವಾಗಿ ಅಚ್ಚು ಅಲುಗಾಡುತ್ತಿದ್ದರೂ ಯಾವ ತುಟಿಯೂ ಬಾಳದು. ಪೆಟ್ಟಿಗೆಯ ಗಾಳಿಕಿಂಡಿ, ಅದೇ ಬ್ರೀದರ್, ಮಣ್ಣು ಕಟ್ಟಿದ್ದರೆ ಒಳಗಿನ ಬಿಸಿಗಾಳಿ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ಚೊಕ್ಕ ಮಾಡಲು ಕಾಸೂ ಬೇಡ.

ಸೋರಲಿ ಬಿಡು ಎಂದರೆ ನಷ್ಟ ಎಣ್ಣೆಗಷ್ಟೇ ಅಲ್ಲ. ಎಣ್ಣೆ ಹೋಗುವ ದಾರಿಯಲ್ಲೇ ಗದ್ದೆಯ ನೀರು ಒಳಗೆ ಬಂದು, ಎಣ್ಣೆ ಹಾಲು ಕಾಫಿಯ ಬಣ್ಣಕ್ಕೆ ತಿರುಗಿ, ಬೇರಿಂಗು ತಿನ್ನುತ್ತದೆ. ಚಕ್ರದ ಹತ್ತಿರ ಒಣ ಬ್ರೇಕು ಇರುವ ಗಾಡಿಯಲ್ಲಂತೂ ಎಣ್ಣೆ ಬ್ರೇಕಿನ ಪಟ್ಟಿಗೆ ಹತ್ತಿ, ತುಂಬಿದ ಟ್ರೇಲರಿನೊಡನೆ ಇಳಿಜಾರಿನಲ್ಲಿ ಕಾಲೊತ್ತಿದರೂ ಗಾಡಿ ನಿಲ್ಲದೆ ಹೋದೀತು.

ಬದಲಿಸುವಾಗ ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ. ಗಟ್ಟಿ ಆಧಾರ ಕೊಡಿ, ಉಳಿದ ಚಕ್ರಗಳಿಗೆ ಅಡ್ಡೆ ಇಡಿ. ಹಳೆಯ ಸೀಲಿನ ಮೇಲೆ ಅಳತೆಯ ಅಂಕಿಗಳಿರುತ್ತವೆ, ಅದನ್ನೇ ಅಂಗಡಿಗೆ ಒಯ್ಯಿರಿ. ಸ್ಪ್ರಿಂಗಿರುವ ಮಗ್ಗುಲು ಎಣ್ಣೆಯ ಕಡೆಗೆ ಬರಬೇಕು. ತುಟಿಗೆ ಗ್ರೀಸು ಸವರಿ, ಚಪ್ಪಟೆ ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ, ಓರೆಯಾದರೆ ಕೆಟ್ಟಿತು. ಎಣ್ಣೆ ತುಂಬಿ ಮೊದಲ ದಿನದ ಉಳುಮೆ ಮುಗಿಸಿ ಬಂದ ಮೇಲೆ, ಚಕ್ರದ ಒಳಮಗ್ಗುಲನ್ನು ಒರೆಸಿ, ಮರುದಿನ ಬೆಳಿಗ್ಗೆ ಅಲ್ಲಿ ಬೆರಳಾಡಿಸಿ ನೋಡಿ.